ಒಂದೇ ತೂಬು, ಇಬ್ಬರು ಯಜಮಾನರು

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಕೆಲಸ ಜಾಸ್ತಿ ಅನ್ನೋ ಹಳೇ ನೆಪಾನೇ ಇವತ್ತೂ ಹೇಳ್ತೀನಿ, ಆದ್ರೆ ಈ ಸಲ ನೆಪ ನಿಜ :) ಸಿಟ್ಟೂ ನಿಜ. ಟೆಕ್ಕಿ ಪುರಾಣ ಬೇಡ ಅನ್ನೋರು ಸ್ವಲ್ಪ ತಡ್ಕೊಳ್ಳಿ, ಮುಂದೆ ಕಾಲುವೆ, ಹೊಳೆ ಎಲ್ಲಾ ಬರುತ್ತೆ.

ನಾನು ಕೆಲಸ ಮಾಡೋ ಕಂಪನಿಗೆ (ಹೆಸರು ಬೇಡ, ಸಂಬಳ ಬೇಕು) ನಂಜನಗೂಡಲ್ಲಿ ಫ್ಯಾಕ್ಟರಿ, ತಿ. ನರಸೀಪುರದಲ್ಲಿ ಗೋಡೌನು ಇದೆ. ಫ್ಯಾಕ್ಟರಿಯಲ್ಲಿ ಎರಡು ಬ್ಯಾಕಪ್ ಸರ್ವರ್. ವಿಂಡೋಸಿಂದು ಹಾಜರಿ, ಸಂಬಳಕ್ಕೆ. ಲಿನಕ್ಸಿಂದು ಸ್ಟಾಕ್ ಲೆಕ್ಕಕ್ಕೆ. ಟೇಪ್ ಡ್ರೈವ್ ಮಾತ್ರ ಒಂದೇ. ಫೈಬರ್ ಚಾನೆಲ್ ಸ್ವಿಚ್ ಹಾಕಿ ಅದೇ ಡ್ರೈವನ್ನ ಎರಡೂ ಸರ್ವರಿಗೆ ಕಾಣೋ ಹಾಗೆ ಮಾಡಿದ್ರು. ಇದರಲ್ಲಿ ತಪ್ಪೇನಿಲ್ಲ. ಸಂಜೆವರೆಗೂ ಸುಮ್ನೆ ಕೂತಿರೋ ಡ್ರೈವನ್ನ ಸರ್ವರಿಗೊಂದರಂತೆ ಯಾಕೆ ಕೊಳ್ಳಬೇಕು? ನನ್ನ ಜಗಳ ಇರೋದು ಹಂಚಿದ ರೀತಿ ಬಗ್ಗೆ. ರಾತ್ರಿ 11ಕ್ಕೆ ವಿಂಡೋಸು, 2ಕ್ಕೆ ಲಿನಕ್ಸು. ಅಷ್ಟೇ. ಗಡಿಯಾರಾನೇ ಪಂಚಾಯ್ತಿ.

ನಮ್ಮ ಕಡೆ ನಾಲೆ ನೀರು ಹಂಚೋಕೆ ನೀರುಗಂಟಿ ಅಂತ ಒಬ್ಬ ಇರ್ತಿದ್ದ. ಅವನು ಗಡಿಯಾರ ನೋಡ್ಕೊಂಡು ತೂಬು ಎತ್ತೋನಲ್ಲ. ಬದುವಿನ ಮೇಲೆ ನಡ್ಕೊಂಡು ಹೋಗಿ, ಮೇಲಿನ ಗದ್ದೆ ತುಂಬಿದ್ಯಾ ನೋಡಿ, ಆಮೇಲೆ ಕೆಳಗಿನವರಿಗೆ ಬಿಡ್ತಿದ್ದ. ಟೇಪ್ ಡ್ರೈವಿಗೂ ಬೇಕಾಗಿರೋದು ಅದೇ. ಒಂದು ಸರ್ವರ್ ಡ್ರೈವಿನ ಯಜಮಾನ. ಉಳಿದವು ಅದನ್ನ ಕೇಳಬೇಕು, ಅದು ಬಿಟ್ಟಾಗ ಬರೀಬೇಕು, ಮುಗಿದ ಮೇಲೆ ವಾಪಸ್ ಒಪ್ಪಿಸಬೇಕು. ಬ್ಯಾಕಪ್ ಸಾಫ್ಟ್‌ವೇರ್‌ಗಳಲ್ಲಿ ಈ ವ್ಯವಸ್ಥೆ ಹಳೇದು. ಕೆಲವರು ಲೈಬ್ರರಿ ಮ್ಯಾನೇಜರ್ ಅಂತಾರೆ. ಬಾಕ್ಯುಲಾ ಅನ್ನೋ ಪುಕ್ಕಟೆ ಸಾಫ್ಟ್‌ವೇರಲ್ಲಿ ಸ್ಟೋರೇಜ್ ಡೀಮನ್ ಅಂತ ಇದೆ. ಡೀಮನ್ ಅಂದ್ರೂ ದೆವ್ವ ಅಲ್ಲ, ನೀರುಗಂಟಿನೇ.

ನಮ್ಮಲ್ಲಿ ನೀರುಗಂಟಿ ಇರಲಿಲ್ಲ. ಒಂದು ತಿಂಗಳ ಕೊನೆಯಲ್ಲಿ ಸಂಬಳದ ಬ್ಯಾಕಪ್ 2 ಗಂಟೆ ದಾಟಿತು. ಲಿನಕ್ಸ್ ಸ್ಕ್ರಿಪ್ಟಿಗೆ ಅದೇನು ಗೊತ್ತು? ಮೊದಲ ಸಾಲಲ್ಲೇ ರಿವೈಂಡ್ ಅಂತ ಬರೆದಿತ್ತು. ಟೇಪನ್ನ ಶುರುವಿಗೆ ಸುತ್ತಿ, ಮೇಲೇ ಬರೀತು. ಟೇಪು ಹಾರ್ಡ್ ಡಿಸ್ಕ್ ಥರ ಅಲ್ಲ ನೋಡಿ. ಶುರುವಲ್ಲಿ ಹೊಸದು ಬರೆದ್ರೆ ಅಲ್ಲಿಗೇ 'ಡೇಟಾ ಮುಗೀತು' ಅನ್ನೋ ಗುರುತು ಬೀಳುತ್ತೆ, ಆಚೆಗಿರೋದು ಇದ್ದೂ ಇಲ್ಲದ ಹಾಗೆ. ಒಬ್ಬರು ಬರೀತಿರುವಾಗ ಇನ್ನೊಬ್ಬರು ಕೈ ಹಾಕದ ಹಾಗೆ ತಡೆಯೋ ರಿಸರ್ವೇಶನ್ ಅನ್ನೋದು ಇದೆ ಸ್ವಾಮಿ. ಇನ್‌ಸ್ಟಾಲ್ ಮಾಡಿದ ಮಹಾನುಭಾವರು ಅದನ್ನ ಆಫ್ ಮಾಡಿದ್ರು. ಯಾಕಂದ್ರೆ "ಬ್ಯುಸಿ ಅಂತ ಎರರ್ ಬರ್ತಿತ್ತು". ಎರರ್ ಬರಲಿ ಅಂತಾನೇ ಅಲ್ವಾ ಅದು ಇರೋದು!

ಬೆಳಿಗ್ಗೆ ಲಿನಕ್ಸಿಂದ 'ಸಕ್ಸಸ್' ಅಂತ ಮೇಲ್ ಬಂತು. ಎಲ್ಲರೂ ಕಾಫಿ ಕುಡಿದ್ವಿ.

ಮುಂದಿನ ವಾರ ಸಂಬಳದ ಸರ್ವರಿನ ಡಿಸ್ಕ್ ಹೋಯ್ತು. ಟೇಪ್ ಹಾಕಿ ನೋಡಿದ್ರೆ ಗೋಡೌನಿನ ಚೀಲದ ಲೆಕ್ಕ. ಗುತ್ತಿಗೆ ಕೆಲಸದವರ ಒಂದು ತಿಂಗಳ ಓವರ್‌ಟೈಮ್ ಮಾಯ. ಅದರಲ್ಲಿ ಕೆಲವರು ಹುಲ್ಲಹಳ್ಳಿ ಕಡೆಯಿಂದ ಬಸ್ಸಲ್ಲಿ ಬಂದು ಎರಡು ಶಿಫ್ಟ್ ಮಾಡಿದೋರು. "ಸಾರ್, ನಮ್ದು ಕಂಪ್ಯೂಟ್ರಲ್ಲಿ ಇಲ್ವಂತೆ, ಹೌದಾ?" ಅಂತ ಒಬ್ಬರು ನನ್ನ ಹತ್ರಾನೇ ಬಂದು ಕೇಳಿದ್ರು. ಏನು ಹೇಳಲಿ? ಕೊನೆಗೆ ಕಾಪಾಡಿದ್ದು ಗೇಟಲ್ಲಿ ಕೂರೋ ತಾತ. ಒಳಗೆ ಹೋದೋರು, ಹೊರಗೆ ಬಂದೋರು, ಟೈಮು, ಎಲ್ಲಾ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ರು. ಎರಡು ದಿನ ಕೂತು ಅದನ್ನ ಟೈಪ್ ಮಾಡಿದೆ. ಇಂಜಿನಿಯರಿಂಗ್ ಓದಿದ್ದು ಸಾರ್ಥಕ :(

ಈಗ ಎರಡನೇ ಅಧ್ಯಾಯ. ಬುದ್ಧಿ ಬಂತು, ಟೇಪಿನ ಇನ್ನೊಂದು ಪ್ರತಿ ಬೇರೆ ಊರಲ್ಲಿಡೋಣ ಅಂದ್ರು. ಖುಷಿ ಆಯ್ತು. ಎಲ್ಲಿ? ನರಸೀಪುರದ ಗೋಡೌನಲ್ಲಿ. ಹೊಳೆ ಪಕ್ಕ.

ಮ್ಯಾಪ್ ನೋಡಿ ಗುರು. ಬೀಚನಹಳ್ಳಿ ಡ್ಯಾಮಿಂದ ಬಿಟ್ಟ ಕಬಿನಿ ಮೊದಲು ನಂಜನಗೂಡಿಗೆ ಬರುತ್ತೆ, ಆಮೇಲೆ ನರಸೀಪುರದಲ್ಲಿ ಕಾವೇರಿ ಸೇರುತ್ತೆ. 2018ರಲ್ಲೂ 2019ರಲ್ಲೂ ಮಲ್ಲನಮೂಲೆ ಹತ್ರ ಊಟಿ ರಸ್ತೆ ಮೇಲೇ ನೀರು ಬಂದಿತ್ತು. ಹದಿನಾರು ಕಾಲು ಮಂಟಪ ಮುಳುಗಿದ್ದ ಫೋಟೋ ನೀವೂ ನೋಡಿರ್ತೀರ. ಇಲ್ಲಿ ಮುಳುಗಿಸೋ ನೀರೇ ಮುಂದೆ ಅಲ್ಲಿಗೆ ಹೋಗೋದು, ಅಲ್ಲಿ ಕಾವೇರಿ ಬೇರೆ ಜೊತೆಗೆ. ಊರು ಎರಡಾದ್ರೂ ಹೊಳೆ ಒಂದೇ. ಇದನ್ನ ಹೇಳಿದ್ರೆ "ಬೇರೆ ತಾಲ್ಲೂಕು ಅಲ್ವೇನ್ರೀ" ಅಂತಾರೆ. ಕಪಿಲೆಗೆ ತಾಲ್ಲೂಕು ಗಡಿ ಗೊತ್ತಾ?

"ಈ ಕಾಲದಲ್ಲೂ ಟೇಪಾ? ಕ್ಲೌಡಿಗೆ ಹಾಕಯ್ಯ" ಅಂತ ಬೆಂಗಳೂರಿನ ಗೆಳೆಯರು ನಗ್ತಾರೆ. ನಗಲಿ. 2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಒಂದಷ್ಟು ಜನರ ಜಿಮೇಲ್ ಖಾಲಿ ಆದಾಗ ಗೂಗಲ್ ಅದನ್ನ ವಾಪಸ್ ತಂದಿದ್ದು ಟೇಪಿಂದ. ಆನ್‌ಲೈನ್ ಪ್ರತಿಗಳೆಲ್ಲ ಒಟ್ಟಿಗೇ ಕೆಟ್ಟಿದ್ವು. ಇನ್ನು 2025ರ ಸೆಪ್ಟೆಂಬರಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ಫೈಲ್ ಇಡ್ತಿದ್ದ ಜಿ-ಡ್ರೈವಿನ 858 ಟೆರಾಬೈಟ್ ಬೂದಿ ಆಯ್ತು. ಹೊರಗಡೆ ಬ್ಯಾಕಪ್ ಇರಲಿಲ್ಲ. ಕಾರಣ ಏನಂತೆ, ತುಂಬಾ ದೊಡ್ಡದಂತೆ! ಒಂದು ಎಲ್‌ಟಿಒ-9 ಟೇಪಲ್ಲಿ 18 ಟೆರಾಬೈಟ್ ಹಿಡಿಯುತ್ತೆ. ಲೆಕ್ಕ ಹಾಕಿ, 50 ಟೇಪು ಸಾಕಿತ್ತು. ಒಂದು ಕಪಾಟು.

(ನಡುವೆ ಒಂದು ಮಾತು. ನಾವೆಲ್ಲ ಪುಕ್ಕಟೆ ಜಾಗದಲ್ಲಿ ಬರೀತಿರೋದು. 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಏನಾಯ್ತು ಗೊತ್ತಲ್ಲ. ನಿಮ್ಮ ಪೋಸ್ಟುಗಳನ್ನ ಕೊನೇ ಸಲ ಇಳಿಸಿಕೊಂಡಿದ್ದು ಯಾವಾಗ?)

ನಾನು ಕೇಳ್ತಿರೋದು ಜಾಸ್ತಿ ಏನಲ್ಲ. ಹೊಸ ಡ್ರೈವ್ ಬೇಡ. ಇರೋದಕ್ಕೇ ಒಂದು ಸರ್ವರನ್ನ ಯಜಮಾನ ಮಾಡಿ, ರಿಸರ್ವೇಶನ್ ಆನ್ ಮಾಡಿ. ಎರಡನೇ ಪ್ರತಿ ಮೈಸೂರಿನ ಆಫೀಸಲ್ಲಿರಲಿ, ಅದು ಈ ಹೊಳೆ ಹತ್ರ ಇಲ್ಲ. ಎನ್‌ಕ್ರಿಪ್ಟ್ ಮಾಡಿದ್ರೆ ಬಸ್ಸಲ್ಲಿ ನಾನೇ ತಗೊಂಡು ಹೋಗ್ತೀನಿ. ತಿಂಗಳಿಗೊಂದು ಸಲ ಯಾವುದಾದ್ರೂ ಒಬ್ಬ ಕೆಲಸದವರ ಹಾಜರಿಯನ್ನ ಟೇಪಿಂದ ವಾಪಸ್ ತಂದು, ತಾತನ ನೋಟ್‌ಬುಕ್ ಜೊತೆ ತಾಳೆ ನೋಡಬೇಕು.

ಇನ್‌ಸ್ಟಾಲೇಶನ್ ಸರಿ ಇದೆ ಅಂತ ಒಂದು ಫಾರಂ ಬಂದಿದೆ, ನನ್ನ ಸಹಿಗೆ. ನಾಲ್ಕು ದಿನದಿಂದ ಟೇಬಲ್ ಮೇಲೇ ಇದೆ. ಸೋಮವಾರ ಮೀಟಿಂಗು. ನನ್ನ ಮುಂದೆ ರಿಸ್ಟೋರ್ ಮಾಡಿ ತೋರಿಸಿ, ಆಮೇಲೆ ಪೆನ್ ತೆಗೀತೀನಿ ಅಂತ ಹೇಳೋದು ಅಂತಿದ್ದೀನಿ. ಅವತ್ತು ಗೇಟ್ ತಾತನ್ನೂ ಒಳಗೆ ಕರೀಬೇಕು.