ನಾಲ್ಕನೇ ಕೇಬಲ್ ಎಲ್ಲಿ ಸ್ವಾಮಿ?

"ನಡೀತೈತಲ್ಲ, ಇನ್ನೇನು ಬೇಕು?"

ಬ್ರೂಸ್‌ಪೇಟೆಯಿಂದ ಟೂಲ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಳ್ಳಾರಿಯ ಕಚೇರಿ, ಆಸ್ಪತ್ರೆ, ಕಾಲೇಜು ಅಂತ ನೆಟ್‌ವರ್ಕ್ ಕೆಲಸಕ್ಕೆ ತಿರುಗುವ ನನ್ನಂಥವರ ಕಿವಿಗೆ ದಿನಾ ಬೀಳುವ ಮಾತು ಇದು. ಇಷ್ಟು ದುಬಾರಿ ಮಾತು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಅದನ್ನು ಹೇಳೋಕೇ ಇದನ್ನು ಬರೀತಿದ್ದೀನಿ. ಬೈಗುಳ ಮೊದಲು ನನಗೇ ಬೀಳಲಿ, ಆಮೇಲೆ ಉಳಿದವರಿಗೆ.

ವಿಷಯ ಚಿಕ್ಕದು. ಕಚೇರಿಯಲ್ಲಿ ನೂರೈವತ್ತು ಕಂಪ್ಯೂಟರ್ ಇದ್ದರೆ 48 ಪೋರ್ಟಿನ ಸ್ವಿಚ್ ನಾಲ್ಕು ಬೇಕು. ಅವನ್ನು ರ್ಯಾಕ್‌ನಲ್ಲಿ ಒಂದರ ಮೇಲೊಂದು ಕೂರಿಸಿ, ಹಿಂದುಗಡೆ ಸ್ಟ್ಯಾಕ್ ಕೇಬಲ್ ಹಾಕಿದರೆ ನಾಲ್ಕೂ ಸೇರಿ ಒಂದೇ ಸ್ವಿಚ್ ಆಗ್ತವೆ. ಒಂದೇ ಐಪಿ ವಿಳಾಸ, ಒಂದೇ ಸೆಟ್ಟಿಂಗು, ನಾಲ್ಕರಲ್ಲಿ ಒಂದು ಯಜಮಾನ. ಸಿಸ್ಕೋದವರು 2003ರಲ್ಲಿ ಕ್ಯಾಟಲಿಸ್ಟ್ 3750 ಜೊತೆ ತಂದ ಸ್ಟ್ಯಾಕ್‌ವೈಸ್‌ನಲ್ಲಿ ಹೀಗೆ 9 ಸ್ವಿಚ್‌ವರೆಗೆ ಸೇರಿಸಬಹುದಿತ್ತು. ಬೇರೆ ಕಂಪನಿಗಳೂ ಬೇರೆ ಬೇರೆ ಹೆಸರಿಟ್ಟು ಇದನ್ನೇ ಮಾಡ್ತವೆ.

ಪ್ರತಿ ಸ್ವಿಚ್ಚಿನ ಬೆನ್ನಿಗೆ ಎರಡು ಸ್ಟ್ಯಾಕ್ ಪೋರ್ಟು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಹೀಗೆ ಮೂರು ಕೇಬಲ್ ಹಾಕಿದರೆ ಸಾಕು, ನಾಲ್ಕೂ ಎದ್ದು ಕೂರ್ತವೆ. ದೀಪ ಹಸಿರು, ಇಂಟರ್ನೆಟ್ ಓಡ್ತದೆ, ಸಾಹೇಬರಿಗೂ ಖುಷಿ. ಆದರೆ ಕೆಲಸ ಮುಗಿದಿಲ್ಲ. ನಾಲ್ಕರಿಂದ ವಾಪಸ್ ಒಂದಕ್ಕೆ ಇನ್ನೊಂದು ಕೇಬಲ್ ಬರಬೇಕು. ಅದು ಬಂದರೆ ಉಂಗುರ, ಬರದಿದ್ದರೆ ಬರೀ ಸರಪಳಿ.

ವ್ಯತ್ಯಾಸ ಏನು ಅಂತ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದು ರೈಲ್ವೆ ಅಂಡರ್‌ಬ್ರಿಡ್ಜ್‌ನಲ್ಲಿ ನೀರು ನಿಂತರೆ ಸುತ್ತಿ ಬಳಸಿ ಇನ್ನೊಂದು ದಾರಿಯಲ್ಲಿ ಮನೆ ಸೇರ್ತೀವಿ. ತಡ ಆಗ್ತದೆ, ಆದರೆ ಸೇರ್ತೀವಿ. ಇನ್ನೊಂದು ದಾರಿಯೇ ಇಲ್ಲದಿದ್ದರೆ? ಉಂಗುರದಲ್ಲಿ ಒಂದು ಕೇಬಲ್ ಹೋದರೆ ವೇಗ ಅರ್ಧಕ್ಕೆ ಇಳೀತದೆ, ಕೆಲಸ ನಿಲ್ಲಲ್ಲ. ಸರಪಳಿಯಲ್ಲಿ ಒಂದು ಹೋದರೆ ಮನೆಯೇ ಎರಡು ಪಾಲು.

ಹಾಗೆ ಪಾಲಾದ ಒಂದು ರ್ಯಾಕ್ ಕಟ್ಟಿದವನು ನಾನೇ. ಕಚೇರಿಯ ಹೆಸರು ಬೇಡ. ಸಂಜೆ ಆರಾಗಿತ್ತು, ಮೂರು ಕೇಬಲ್ ಹಾಕಿದ್ದೆ, ದೀಪ ಹತ್ತಿತ್ತು. "ನಡೀತೈತಲ್ಲ, ಬಿಡಪ್ಪ ಸಾಕು" ಅಂದರು ಸಾಹೇಬರು. ನಾನೂ ಬಿಟ್ಟೆ. ಅವರು ಸಹಿ ಹಾಕಿದರು, ನಾನು ಬಿಲ್ ಹಾಕಿದೆ.

ಮುಂದಿನ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಯಾರೋ ರ್ಯಾಕ್ ಹಿಂದೆ ಹಳೇ ಫೈಲುಗಳ ಗಂಟು ತುರುಕಿದ್ದಾರೆ. ಎರಡು ಮತ್ತು ಮೂರರ ನಡುವಿನ ಕೇಬಲ್ಲಿನ ಸ್ಕ್ರೂ ನಾನು ಪೂರ್ತಿ ಬಿಗಿ ಮಾಡಿರಲಿಲ್ಲ. ಕೇಬಲ್ ಜಾರಿತು. ಕೆಳಗಿನ ಎರಡು ಸ್ವಿಚ್ಚು ತಮಗೊಂದು ಹೊಸ ಯಜಮಾನನನ್ನು ಆರಿಸಿಕೊಂಡು, ಮೇಲಿನವುಗಳ ಐಪಿಯನ್ನೇ ತಾವೂ ಇಟ್ಟುಕೊಂಡು ಕೂತವು. ಹೊರಗಿನ ಲೈನ್ ಇದ್ದದ್ದು ಮೇಲಿನ ಸ್ವಿಚ್ಚಿಗೆ ಮಾತ್ರ. ಅರ್ಧ ಆಫೀಸು ನಡೀತಿತ್ತು, ಅರ್ಧ ಸತ್ತಿತ್ತು. ದೀಪ ಮಾತ್ರ ಎಲ್ಲ ಕಡೆ ಹಸಿರು! ಹಂಗಾಗಿ ರ್ಯಾಕ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಇಂಟರ್ನೆಟ್ ಕಂಪನಿಗೆ ಫೋನು, ಸಾಫ್ಟ್‌ವೇರಿನವರಿಗೆ ಫೋನು, ಕೊನೆಗೆ ನನಗೆ. ನಾನು ಹೋಗುವಷ್ಟರಲ್ಲಿ ಮಧ್ಯಾಹ್ನ ಮೂರು.

ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದಳು. ಸಿರುಗುಪ್ಪ ಕಡೆಯಿಂದ ಬಸ್ಸಿಗೆ ಬಂದವಳು. "ಕಂಪ್ಯೂಟರ್ ಕೆಟ್ಟೈತಂತಪ್ಪ, ನಾಳೆ ಬಾ ಅಂದ್ರು. ನಾಟಿ ಕೂಲಿ ಬಿಟ್ಟು ಬಂದೀನಿ" ಅಂದಳು. ಕಂಪ್ಯೂಟರ್ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಕೆಲಸ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಒಳಗೆ ಹೋಗಿ ಸ್ಟೋರ್ ರೂಮ್ ತೆಗೆಸಿದೆ. ನಾಲ್ಕು ಸ್ವಿಚ್ಚಿನ ನಾಲ್ಕು ಡಬ್ಬ, ಡಬ್ಬಕ್ಕೊಂದರಂತೆ ಅರ್ಧ ಮೀಟರಿನ ನಾಲ್ಕು ಕೇಬಲ್ ಬಂದಿದ್ದವು. ನಾಲ್ಕನೆಯದು ಅಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ದುಡ್ಡು ಕೊಟ್ಟು ತರಿಸಿದ್ದನ್ನೇ ನಾವು ಹಾಕಿರಲಿಲ್ಲ. ಹಾಕೋಕೆ ಹಿಡಿಯುತ್ತಿದ್ದದ್ದು ಎರಡು ನಿಮಿಷ.

ಈಗ ನಮ್ಮವರ ವಾದಗಳನ್ನು ಕೇಳಿ. "ಸರಪಳಿಯೂ ನಡೀತದೆ ಅಂತ ಕಂಪನಿ ಪುಸ್ತಕದಲ್ಲೇ ಐತೆ ಅಣ್ಣಾ." ಐತೆ, ಒಪ್ತೀನಿ. ಆದರೆ ಅದೇ ಪುಸ್ತಕ ಉಂಗುರ ಮಾಡಿ ಅಂತಲೂ ಹೇಳ್ತದೆ. ಅದನ್ನು ಮಾತ್ರ ಯಾಕೆ ಓದಲ್ಲ?

"ಕೇಬಲ್ ಉದ್ದ ಸಾಲಲ್ಲ." ಒಂದು ಸ್ವಿಚ್ಚಿನ ಎತ್ತರ ಸುಮಾರು ನಾಲ್ಕೂವರೆ ಸೆಂಟಿಮೀಟರ್. ನಾಲ್ಕು ಸೇರಿದರೆ ಹದಿನೆಂಟು. ಅರ್ಧ ಮೀಟರ್ ಹೆಂಗೆ ಸಾಲಲ್ಲ? ನಡುವೆ ಪ್ಯಾಚ್ ಪ್ಯಾನೆಲ್ ಬಂದು ದೂರ ಆಗಿದೆಯಾ, ಆಗ ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಹಾಕಿ. ಉಂಗುರ ಆಯ್ತು, ತಲೆಯಿಂದ ಬುಡಕ್ಕೆ ಉದ್ದ ಕೇಬಲ್ ಎಳೆಯುವ ಮಾತೇ ಇಲ್ಲ.

ಮೂರನೇ ವಾದ ಕೇಳಿದರೆ ಮೈ ಉರೀತದೆ. "ಏನಾದ್ರೂ ಆದ್ರೆ ಫೋನ್ ಮಾಡಿ ಸಾರ್, ಹತ್ತು ನಿಮಿಷದಲ್ಲಿ ಬರ್ತೀವಿ." ಹೌದು, ಬರ್ತೀವಿ. ಬಂದದ್ದಕ್ಕೆ ಬಿಲ್ ಕೂಡ ಮಾಡ್ತೀವಿ. ನಾವೇ ಅರ್ಧಂಬರ್ಧ ಕಟ್ಟಿ, ಅದು ಬಿದ್ದಾಗ ನಾವೇ ಎತ್ತಿ ನಿಲ್ಲಿಸಿ, ದುಡ್ಡೂ ತಗೊಂಡು, "ಎಷ್ಟು ಬೇಗ ಬಂದ ನೋಡು" ಅಂತ ಹೊಗಳಿಸಿಕೊಳ್ಳೋದು. ಇದಕ್ಕೆ ಸರ್ವೀಸ್ ಅಂತ ಹೆಸರು ಬೇರೆ.

ನಮ್ಮೂರಿನ ಜೀನ್ಸ್ ಯೂನಿಟ್‌ಗಳಲ್ಲಿ ಪ್ಯಾಂಟು ಪ್ಯಾಕ್ ಆಗುವ ಮುಂಚೆ ಒಬ್ಬರು ಕೂತು ಹೊಲಿಗೆ ನೋಡ್ತಾರೆ, ಎಳೀತಾರೆ. ಬಿಚ್ಚಿದರೆ ವಾಪಸ್. ಒಂದು ಪ್ಯಾಂಟಿಗೆ ಇರುವ ಪರೀಕ್ಷೆ ಸಾವಿರಾರು ಜನ ನೆಚ್ಚಿಕೊಂಡ ರ್ಯಾಕ್‌ಗೆ ಯಾಕಿಲ್ಲ?

ಆದ್ದರಿಂದ ಸಹಿ ಹಾಕುವ ಸಾಹೇಬರೇ, ದೀಪ ನೋಡಿ ಸಹಿ ಹಾಕಬೇಡಿ. ಮೊದಲು ರ್ಯಾಕ್ ಹಿಂದೆ ಬಗ್ಗಿ ಎಣಿಸಿ. ಸ್ವಿಚ್ ಎಷ್ಟೋ ಸ್ಟ್ಯಾಕ್ ಕೇಬಲ್ ಅಷ್ಟಿರಬೇಕು. ಎರಡೇ ಸ್ವಿಚ್ಚಿದ್ದರೂ ಎರಡು. ಪ್ರತಿ ಸ್ಕ್ರೂ ಬೆರಳಿಗೆ ಬಿಗಿ ಸಿಗಬೇಕು. ಹೊರಗಿನ ಲೈನ್ ಎರಡಿದ್ದರೆ ಎರಡು ಬೇರೆ ಬೇರೆ ಸ್ವಿಚ್ಚಿಗೆ ಹೋಗಿರಬೇಕು. ಸಿಸ್ಕೋ ಆದರೆ ಇಂಜಿನಿಯರ್ ಕೈಲಿ 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್' ಅಂತ ಟೈಪ್ ಮಾಡಿಸಿ. ಪ್ರತಿ ಸ್ವಿಚ್ಚಿನ ಎರಡೂ ಪೋರ್ಟಿನ ಮುಂದೆ 'ಓಕೆ' ಅಂತ ಬರಬೇಕು. ಒಂದು ಕಡೆ 'ಡೌನ್' ಅಂತ ಬಂದರೂ ಉಂಗುರ ಮುಚ್ಚಿಲ್ಲ.

ಆಮೇಲೆ, ಕೆಲಸ ಒಪ್ಪಿಸಿಕೊಳ್ಳುವ ದಿನವೇ, ಜನ ಬಂದು ಸಾಲು ನಿಲ್ಲುವ ಮುಂಚೆ, ಕೊನೇ ಸ್ವಿಚ್ಚಿನ ಕಂಪ್ಯೂಟರಿನಲ್ಲಿ ಪಿಂಗ್ ಹಚ್ಚಿ, "ಒಂದು ಕೇಬಲ್ ಕೀಳಪ್ಪ" ಅನ್ನಿ. ಕ್ಷಣ ತಡವರಿಸಿದರೂ ಪಿಂಗ್ ಓಡ್ತಾ ಇರಬೇಕು. ಕೀಳೋಕೆ ಹೆದರಿದರೆ ಅವನಿಗೇ ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ತಿಳೀರಿ.

ಕಸುಬಿನ ಗೆಳೆಯರಿಗೆ ಒಂದು ಎಚ್ಚರಿಕೆ. ಇದನ್ನು ಓದಿ, ಓಡ್ತಿರುವ ಸ್ಟ್ಯಾಕ್‌ಗೆ ಆನ್ ಆಗಿರುವ ಹೊಸ ಸ್ವಿಚ್ಚನ್ನು ತಂದು ಚುಚ್ಚಬೇಡಿ. ಯಜಮಾನಿಕೆಯ ಜಗಳ ಬಿದ್ದು, ಸೋತ ಕಡೆಯ ಸ್ವಿಚ್ಚುಗಳು ರೀಸ್ಟಾರ್ಟ್ ಆಗ್ತವೆ. ಹೊಸದಕ್ಕೆ ಮೊದಲು ಕೇಬಲ್, ಆಮೇಲೆ ಕರೆಂಟು.

ಅವತ್ತು ನಾನು ಆ ಕಚೇರಿಗೆ ಬಿಲ್ ಮಾಡಲಿಲ್ಲ. ಅದು ದೊಡ್ಡಸ್ತಿಕೆ ಏನಲ್ಲ. ನಾಲ್ಕನೇ ಕೇಬಲ್ ಹಾಕಿ ಸ್ಕ್ರೂ ಬಿಗಿ ಮಾಡಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಅಜ್ಜಿ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಹೋದಳು ಅಂದರು. ಅವಳ ಒಂದು ದಿನದ ಕೂಲಿ ನನ್ನ ಲೆಕ್ಕದಲ್ಲಿ ಇನ್ನೂ ಬಾಕಿ ಇದೆ.