ಕ್ರಿಕೆಟ್ಟಿನ ಕೈಚಳಕವೂ ತೆಂಗಿನ ನಾರೂ

ಬೀರೂರು ಜಂಕ್ಷನ್ನಿನಿಂದ ಕವಲೊಡೆಯುವ ರೈಲುಹಾದಿಗಳಲ್ಲಿ ಸಂಜೆಯ ಹೊತ್ತು ಪ್ರಯಾಣ ಮಾಡಿದ ವಾಚಕರು, ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲುಗಳಲ್ಲಿ ಮಕ್ಕಳು ಟೆನಿಸ್ ಚೆಂಡಿನಿಂದ ಕ್ರಿಕೆಟ್ ಆಡುವುದನ್ನು ಕಂಡೇ ಇರುತ್ತಾರೆ. ಉತ್ಸಾಹಕ್ಕೆ ಅಲ್ಲಿ ಕೊರತೆಯಿಲ್ಲ. ಆದರೆ ಇವರಲ್ಲೊಬ್ಬನು ಚರ್ಮದ ಚೆಂಡಿನ ಪಂದ್ಯದಲ್ಲಿ ತಡವರಿಸಿದೊಡನೆ, ‘ಆ ಕಲೆ ಹುಟ್ಟಿನಿಂದಲೇ ಬರಬೇಕು’ ಎಂದು ಹಿರಿಯರು ಮಾತು ಮುಗಿಸಿಬಿಡುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ದೋಷವು ಹುಟ್ಟಿನಲ್ಲಿಲ್ಲ, ಚೆಂಡಿನಲ್ಲಿಯೂ ನೆಲದಲ್ಲಿಯೂ ಇದೆ.

ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ. ಪುರುಷರ ಕ್ರಿಕೆಟ್ ಚೆಂಡಿನದು 156ರಿಂದ 163 ಗ್ರಾಂ. ಹಗುರವಾದ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ಅದನ್ನು ಬ್ಯಾಟನ್ನು ಅಡ್ಡಲಾಗಿ ಬೀಸಿ ಹೊಡೆಯುವುದು ಸುಲಭ. ಆ ಅಭ್ಯಾಸವೇ ಮುಂದೆ ಮುಳುವಾಗುತ್ತದೆ. ಬ್ಯಾಟಿನ ಅಗಲ 10.8 ಸೆಂಟಿಮೀಟರನ್ನು ಮೀರುವಂತಿಲ್ಲ. ಅಡ್ಡ ಹಿಡಿದಾಗ, ಪುಟಿತದ ಎತ್ತರವನ್ನು ಅಂದಾಜು ಮಾಡುವುದರಲ್ಲಿ ಆಗುವ ತಪ್ಪನ್ನು ಈ ಅಗಲವೊಂದೇ ತಾಳಿಕೊಳ್ಳಬೇಕು. ನೇರ ಹಿಡಿದರೆ ಬ್ಯಾಟಿನ ಉದ್ದವೆಲ್ಲವೂ ನೆರವಿಗೆ ಬರುತ್ತದೆ. ‘ನೇರ ಬ್ಯಾಟು’ ಎಂಬ ಹಳೆಯ ಉಪದೇಶದ ಹಿಂದಿರುವುದು ಬರಿಯ ಅಂದಚಂದವಲ್ಲ, ಲೆಕ್ಕಾಚಾರ.

ಕಾಲದ ಲೆಕ್ಕವೂ ಹೀಗೆಯೇ. ಗಂಟೆಗೆ 130 ಕಿಲೋಮೀಟರ್ ವೇಗದ ಚೆಂಡು ಬೌಲರಿನ ಕೈಬಿಟ್ಟು ದಾಂಡಿಗನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಕಣ್ಣು ಕಂಡದ್ದಕ್ಕೆ ಸ್ನಾಯು ಸ್ಪಂದಿಸುವಷ್ಟರಲ್ಲಿಯೇ ಅದರಲ್ಲಿ 0.2 ಸೆಕೆಂಡು ಕಳೆದಿರುತ್ತದೆ. ಆದುದರಿಂದ ದಾಂಡಿಗನು ಚೆಂಡನ್ನು ಪುಟಿದ ಮೇಲಲ್ಲ, ಬೌಲರಿನ ಕೈಯಲ್ಲಿದ್ದಾಗಿನಿಂದಲೇ ನೋಡಬೇಕು. ನೋಡುವಾಗ ತಲೆ ಅಲುಗಬಾರದು.

ಇನ್ನು ಬೌಲಿಂಗ್. ತಿರುಗುತ್ತ ಸಾಗುವ ಗೋಳವು ಗಾಳಿಯಲ್ಲಿ ಬಾಗುವುದೇಕೆಂಬುದನ್ನು ಜರ್ಮನಿಯ ಮ್ಯಾಗ್ನಸ್ ಎಂಬ ವಿಜ್ಞಾನಿ 19ನೆಯ ಶತಮಾನದಲ್ಲಿಯೇ ವಿವರಿಸಿದನು. ಮುಂದಕ್ಕೆ ಉರುಳುವಂತೆ ತಿರುಗಿಸಿದ ಚೆಂಡು ದಾಂಡಿಗನ ನಿರೀಕ್ಷೆಗಿಂತ ಮೊದಲೇ ನೆಲಕ್ಕಿಳಿಯುತ್ತದೆ. ಚೆಂಡನ್ನು ಗಾಳಿಯಲ್ಲಿ ತೂಗಿ ಬಿಡುವುದರಲ್ಲಿ ನಿಪುಣರಾಗಿದ್ದ ನಮ್ಮ ಪ್ರಸನ್ನರು 49 ಟೆಸ್ಟುಗಳಲ್ಲಿ 189 ವಿಕೆಟ್ಟುಗಳನ್ನು ಪಡೆದರು. ಪೋಲಿಯೋದಿಂದ ಬಲಗೈ ಸೊರಗಿದ್ದ ಮೈಸೂರಿನ ಚಂದ್ರಶೇಖರರು 1971ರಲ್ಲಿ ಓವಲ್ ಮೈದಾನದಲ್ಲಿ ಅದೇ ಕೈಯಿಂದ 38 ಓಟಗಳಿಗೆ 6 ವಿಕೆಟ್ ಉರುಳಿಸಿದರು. ಹುಟ್ಟಿನ ಮಾತನ್ನಾಡುವವರು ಇದನ್ನು ನೆನೆಯಬೇಕು.

ಅಭ್ಯಾಸವು ಪ್ರಯೋಗಶಾಲೆಯ ಕ್ರಮದಲ್ಲಿ ನಡೆಯಲಿ. ಚೆಂಡು ಬೀಳಬೇಕಾದ ಜಾಗದಲ್ಲಿ ಒಂದು ಕರವಸ್ತ್ರವನ್ನು ಹಾಸಿ, 30 ಎಸೆತಗಳಲ್ಲಿ ಎಷ್ಟು ಅದರ ಮೇಲೆ ಬಿದ್ದುವೆಂದು ದಿನವೂ ಬರೆದಿಡಬೇಕು. ಓಟ, ಹಿಡಿತ, ತೋಳಿನ ಎತ್ತರ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯದು. ಬೆಳೆಯುವ ಮಕ್ಕಳಿಂದ ಮಿತಿಮೀರಿ ವೇಗದ ಬೌಲಿಂಗ್ ಮಾಡಿಸಕೂಡದು; ಅದರಿಂದ ಸೊಂಟದ ಬೆನ್ನೆಲುಬಿನಲ್ಲಿ ಸೂಕ್ಷ್ಮ ಬಿರುಕುಗಳು ಉಂಟಾಗುವ ಅಪಾಯವಿದೆ.

ಆದರೆ ಉಬ್ಬುತಗ್ಗಿನ ನೆಲದಲ್ಲಿ ಈ ಪ್ರಯೋಗ ಸಾಗದು. ಒಂದೇ ಕಡೆ ಬಿದ್ದ ಎರಡು ಚೆಂಡುಗಳು ಎರಡು ಬಗೆಯಾಗಿ ಎದ್ದರೆ ಕಲಿಯುವುದಾದರೂ ಏನನ್ನು? ಕಡೂರಿನವರಾದ ವೇದಾ ಕೃಷ್ಣಮೂರ್ತಿಯವರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಎದುರು 45 ಚೆಂಡುಗಳಲ್ಲಿ 70 ಓಟಗಳನ್ನು ಗಳಿಸಿದರು. ತರೀಕೆರೆಯ ನೆರೆಯ ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥರು 1969ರಲ್ಲಿ ತಮ್ಮ ಮೊದಲ ಟೆಸ್ಟಿನಲ್ಲಿಯೇ, ಒಂದು ಸರದಿಯಲ್ಲಿ ಸೊನ್ನೆಗೆ ಔಟಾಗಿ, ಇನ್ನೊಂದರಲ್ಲಿ 137 ಓಟಗಳನ್ನು ಹೊಡೆದರು. ಇಬ್ಬರ ಆಟವೂ ಪಳಗಿದುದು ಬೆಂಗಳೂರಿನಲ್ಲಿ. ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಅಷ್ಟು ದೂರ ಕಳುಹಿಸಬಲ್ಲ ಮನೆಗಳು ಎಷ್ಟಿವೆ?

ಪರಿಹಾರ ದುಬಾರಿಯದೇನಲ್ಲ. 20 ಮೀಟರ್ ಉದ್ದದ ಮಣ್ಣನ್ನು ನೀರು ಹಾಕಿ ಉರುಳುಗಲ್ಲಿನಿಂದ ಗಟ್ಟಿಮಾಡಿ, ಮೇಲೆ ತೆಂಗಿನ ನಾರಿನ ಚಾಪೆಯನ್ನು ಬಿಗಿದು ಹಾಸಿದರೆ ಚೆಂಡು ಸಮವಾಗಿ ಪುಟಿಯುತ್ತದೆ. ಹುಲ್ಲಿನ ಪಿಚ್ಚಿಗೆ ಅದು ಸರಿಸಾಟಿಯಲ್ಲ, ನಿಜ. ಚಾಪೆಯ ಮೇಲೆ ಚೆಂಡು ಹೆಚ್ಚು ತಿರುಗುತ್ತದೆ, ಹೆಚ್ಚು ಏಳುತ್ತದೆ. ಆದರೂ ನಮ್ಮ ನಾಡಿನ ಎಷ್ಟೋ ಆಟಗಾರರು ಹಿಂದೆ ಚಾಪೆಯ ಮೇಲೆಯೇ ಕಲಿತರು. ತೆಂಗಿನ ತೋಟಗಳ ಈ ಸೀಮೆಯಲ್ಲಿ ನಾರಿಗೆ ಬರವುಂಟೆ?

ಊರಿಗೊಂದು ಚಾಪೆ, ಒಂದು ರೋಲರು, ಕೆಲವು ಚರ್ಮದ ಚೆಂಡು ಹಾಗೂ ರಕ್ಷಾಕವಚಗಳು, ಹುಡುಗಿಯರಿಗೆ ಮೀಸಲಾದ ವೇಳೆ: ಇಷ್ಟನ್ನು ಮೂರು ಊರುಗಳ ಪ್ರೌಢಶಾಲೆಗಳೂ ನಾಗರಿಕರೂ ಕೂಡಿ ಒದಗಿಸಬೇಕು. ಎಲ್ಲರೂ ಟೆಸ್ಟ್ ಆಟಗಾರರಾಗಲಾರರು. ಆದರೆ ತನ್ನ ತಪ್ಪಿಗೆ ಹಣೆಬರಹವನ್ನು ಹಳಿಯದೆ ಕಾರಣವನ್ನು ಹುಡುಕಲು ಕಲಿತ ಮಗುವು, ಆಟವನ್ನು ಬಿಟ್ಟ ಮೇಲೂ ಆ ಬುದ್ಧಿಯನ್ನು ಬಿಡದು.