ಒರಟುತನದ ಆಯುಸ್ಸು

ಪದಾರ್ಥವೊಂದನ್ನು ಕೊಳ್ಳುವಾಗ ಅದು ಹೊಸತರಲ್ಲಿ ಹೇಗಿದೆಯೆಂದು ನೋಡುವವರೇ ಹೆಚ್ಚು. ಬಳಸಿದ ಮೇಲೆ ಹೇಗಿದ್ದೀತೆಂದು ವಿಚಾರಿಸುವವರು ವಿರಳ. ಇದಕ್ಕೆ ಪಿಕಲ್‌ಬಾಲ್ ಆಟದ ಪ್ಯಾಡಲ್ ಒಂದು ಉತ್ತಮ ನಿದರ್ಶನ.

ಈ ಆಟವು 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಹುಟ್ಟಿತು. ನಮ್ಮ ಕೇಂದ್ರ ಸರಕಾರವು 2025ರಲ್ಲಿ ಭಾರತೀಯ ಪಿಕಲ್‌ಬಾಲ್ ಸಂಸ್ಥೆಗೆ ರಾಷ್ಟ್ರೀಯ ಕ್ರೀಡಾ ಒಕ್ಕೂಟವೆಂಬ ಮನ್ನಣೆಯಿತ್ತಿತು. ಇದರ ಅಂಕಣದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಜೋಡಿ ಆಟದ ಅಂಕಣವೂ ಇಷ್ಟೇ. ಆದುದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇದನ್ನು ಆಡಲು ಹೊಸ ಮೈದಾನವೇನೂ ಬೇಕಿಲ್ಲ. ಪ್ಯಾಡಲನ್ನು ಮಾತ್ರ ಅಂತರ್ಜಾಲದಲ್ಲಿ ಚಿತ್ರ ನೋಡಿ ದೂರದಿಂದ ತರಿಸಬೇಕಾದೀತು. ಮುಟ್ಟಿ ನೋಡಲಾಗದ ವಸ್ತುವನ್ನು ಕೊಳ್ಳುವಾಗ ಜಾಹೀರಾತಿನ ಮಾತೇ ಗತಿ. ಆ ಮಾತು ಬಹುಮಟ್ಟಿಗೆ ಒಂದೇ: ‘ನಮ್ಮ ಪ್ಯಾಡಲಿನ ಮೈ ಅತಿ ಒರಟು, ಆದುದರಿಂದ ಚೆಂಡು ಚೆನ್ನಾಗಿ ತಿರುಗುವುದು.’

ಈ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಿಲ್ಲ. ತೂತುಗಳುಳ್ಳ ಟೊಳ್ಳು ಪ್ಲಾಸ್ಟಿಕ್ ಚೆಂಡು ಪ್ಯಾಡಲನ್ನು ಓರೆಯಾಗಿ ತಾಗಿದಾಗ ಮೊದಲು ಜಾರುತ್ತದೆ. ಘರ್ಷಣೆಯು ಆ ಜಾರುವಿಕೆಯನ್ನು ತಡೆದು ಚೆಂಡನ್ನು ತಿರುಗಿಸುತ್ತದೆ. ಒರಟು ಹೆಚ್ಚಿದಂತೆ ತಿರುಗುವಿಕೆಯೂ ಹೆಚ್ಚುವುದು ನಿಜ. ಆದರೆ ಇದಕ್ಕೊಂದು ಎಲ್ಲೆಯುಂಟು. ತಿರುಗದೆ ಬಂದ ತೆಳುವಾದ ಟೊಳ್ಳು ಗೋಳವು ಮೇಲ್ಮೈಗುಂಟ ತನಗಿರುವ ವೇಗದಲ್ಲಿ ಐದರಲ್ಲೆರಡು ಪಾಲನ್ನು ಕಳೆದುಕೊಂಡೊಡನೆ ಜಾರುವುದನ್ನು ಬಿಟ್ಟು ಉರುಳತೊಡಗುತ್ತದೆ. ಕಾಲೇಜು ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಉರುಳತೊಡಗಿದ ಚೆಂಡಿಗೆ ಇನ್ನಷ್ಟು ಒರಟಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಹೀಗಿರಲು ‘ಎಷ್ಟು ಒರಟು?’ ಎಂಬುದಕ್ಕಿಂತ ‘ಎಷ್ಟು ಕಾಲ ಒರಟು?’ ಎಂಬುದೇ ಕೇಳಬೇಕಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಉತ್ತರವು ಒರಟುತನ ಎಲ್ಲಿ ನೆಲಸಿದೆ ಎಂಬುದನ್ನು ಅವಲಂಬಿಸಿದೆ. ಕೆಲವು ಪ್ಯಾಡಲುಗಳಲ್ಲಿ ಬಣ್ಣದೊಡನೆ ಸೂಕ್ಷ್ಮ ಕಣಗಳನ್ನು ಸಿಂಪಡಿಸಿರುತ್ತಾರೆ. ಇಲ್ಲಿ ಒರಟು ಕೇವಲ ಲೇಪದ್ದು. ಲೇಪ ಸವೆದರೆ ಅದೂ ಹೋಯಿತು. ಇನ್ನು ಕೆಲವು ಇಂಗಾಲದ ಎಳೆಗಳಿಂದ ಮಾಡಿದವು. ಎಳೆಗಳನ್ನು ಬಂಧಿಸುವ ಎಪಾಕ್ಸಿ ಅಂಟು ಗಟ್ಟಿಯಾಗುವ ಮುನ್ನ ಅದರ ಮೇಲೆ ನೇಯ್ದ ಬಟ್ಟೆಯನ್ನೊತ್ತಿ, ಗಟ್ಟಿಯಾದ ಮೇಲೆ ಕಿತ್ತು ತೆಗೆಯುತ್ತಾರೆ. ನೇಯ್ಗೆಯ ಅಚ್ಚು ಅಂಟಿನಲ್ಲಿ ಉಳಿಯುತ್ತದೆ. ಇದು ಲೇಪಕ್ಕಿಂತ ಮೇಲು. ಆದರೂ ಚೆಂಡಿಗೆ ತಾಗುವ ತುದಿಗಳು ಅಂಟಿನವೇ ಹೊರತು ಇಂಗಾಲದವಲ್ಲ. ನಮ್ಮ ಬಯಲುಸೀಮೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಸೇರಿರುತ್ತದೆ. ಚೆಂಡಿಗೆ ಹತ್ತಿದ ಆ ಪುಡಿ ಅಂಟಿಗಿಂತ ಎಷ್ಟೋ ಕಠಿಣ. ಪ್ರತಿ ಹೊಡೆತದಲ್ಲೂ ಅದು ಅರದಂತೆ ಉಜ್ಜುವುದು. ಮೂರನೆಯ ಬಗೆಯಲ್ಲಿ ಕಠಿಣ ಕಣಗಳನ್ನು ಮೇಲ್ಪದರದೊಳಗೇ ಬೆರೆಸಿರುತ್ತಾರೆ.

ಈ ಮೂರನೆಯ ಬಗೆಯ ತತ್ತ್ವ ನಮ್ಮ ಜನಕ್ಕೆ ಹೊಸದಲ್ಲ. ರಾಗಿ ಬೀಸುವ ಕಲ್ಲನ್ನು ನೆನೆಯಿರಿ. ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಕೂಡಿರುತ್ತವೆ. ಮೋಸ್ ಮಾನದಲ್ಲಿ ಬೆಣಚಿನ ಕಾಠಿಣ್ಯ 7, ಫೆಲ್ಡ್‌ಸ್ಪಾರಿನದು 6, ಕಾಗೆಬಂಗಾರದ್ದು ಸುಮಾರು 3. ಮೆದುವಾದುದು ಬೇಗ ಸವೆದು, ಕಠಿಣವಾದುದು ತಲೆಯೆತ್ತಿ ನಿಲ್ಲುವುದರಿಂದ ಅಂಥ ಕಲ್ಲು ಸವೆಯುತ್ತಲೇ ಒರಟಾಗಿಯೂ ಉಳಿಯುತ್ತದೆ. ಹೆದ್ದಾರಿಗೆ ಹಾಕುವ ಜಲ್ಲಿಯನ್ನು ಆರಿಸುವಾಗಲೂ ಎಂಜಿನಿಯರುಗಳು ಈ ಗುಣವನ್ನು ಗಮನಿಸುತ್ತಾರೆ. ಆದರೂ ಕಲ್ಲು ಒಂದಲ್ಲ ಒಂದು ದಿನ ನುಣುಪಾಗುವುದು. ಆಗ ಅದಕ್ಕೆ ಉಳಿಯಿಂದ ಕಕ್ಕು ಹಾಕಿಸುತ್ತಿದ್ದರು. ಪ್ಯಾಡಲಿಗೆ ಕಕ್ಕು ಹಾಕುವಂತಿಲ್ಲ. ಉಪ್ಪುಕಾಗದದಿಂದ ಉಜ್ಜಿದರೆ ಎಳೆಗಳು ಕಡಿಯುವುವು. ಸ್ಪರ್ಧೆಯ ನಿಯಮಗಳೂ ಅದನ್ನು ಒಪ್ಪುವುದಿಲ್ಲ.

ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯ ನಿಯಮದಂತೆ ಮೇಲ್ಮೈಯ ಏರಿಳಿತದ ಸರಾಸರಿ ಎತ್ತರ 30 ಮೈಕ್ರೋಮೀಟರನ್ನು ಮೀರಬಾರದು. ಅತ್ಯಂತ ಎತ್ತರದ ತುದಿಗೂ ಅತ್ಯಂತ ಆಳದ ತಗ್ಗಿಗೂ ನಡುವಣ ಅಂತರ 40ನ್ನು ಮೀರಬಾರದು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಎಂಬುದನ್ನು ನೆನೆದರೆ ಇದೆಷ್ಟು ಸೂಕ್ಷ್ಮವೆಂಬುದು ತಿಳಿದೀತು. ಆದರೆ ಈ ಅಂಕಿಗಳು ಮೇಲಿನ ಮಿತಿಯನ್ನು ಮಾತ್ರ ಹೇಳುತ್ತವೆ. ಒರಟು ಎಷ್ಟು ಬೇಗ ಇಳಿಯುವುದೆಂಬುದನ್ನಲ್ಲ. ‘ಸವೆದರೆ ಇನ್ನೊಂದನ್ನು ಕೊಂಡರಾಯಿತು’ ಎಂದು ಯಾರಾದರೂ ಹೇಳಬಹುದು. ಉಳ್ಳವರಿಗೆ ಅದು ಸರಿ. ಹೊಳಲ್ಕೆರೆಯ ತೋಟದ ಕೂಲಿಯಿಂದ ಮಗನನ್ನು ಕಾಲೇಜಿಗೆ ಕಳುಹಿಸಿದ ತಂದೆಗೆ ಅದು ಸರಿಯಲ್ಲ. ಗೆಲುವು ಕೈಚಳಕಕ್ಕೆ ಸಲ್ಲಬೇಕೇ ವಿನಾ ವರ್ಷಕ್ಕೆ ಮೂರು ಪ್ಯಾಡಲ್ ಕೊಳ್ಳಬಲ್ಲ ಹಣದ ಚೀಲಕ್ಕಲ್ಲ. ಆದುದರಿಂದ ತಯಾರಕರು ಹೊಸತರ ಒರಟನ್ನೂ, ಯಂತ್ರದಿಂದ ಇಂತಿಷ್ಟು ಸಾವಿರ ಹೊಡೆತ ಹೊಡೆಸಿದ ಮೇಲೆ ಉಳಿದ ಒರಟನ್ನೂ ಅಚ್ಚುಹಾಕಿ ತಿಳಿಸಬೇಕು. ನಮ್ಮ ಒಕ್ಕೂಟವು ಇದನ್ನು ಕಡ್ಡಾಯ ಮಾಡಬೇಕು.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಕೈಕಟ್ಟಿ ಕೂರಬೇಕಿಲ್ಲ. ಮೂರು ಚೆಂಡುಗಳನ್ನು ಉರುಳದಂತೆ ಅಂಟುಪಟ್ಟಿಯಿಂದ ತ್ರಿಕೋನಾಕಾರವಾಗಿ ಬಿಗಿಯಿರಿ. ಪಟ್ಟಿ ಪ್ಯಾಡಲಿಗೆ ತಾಗದಿರಲಿ. ಅದನ್ನು ಮಟ್ಟವಾಗಿಟ್ಟ ಪ್ಯಾಡಲಿನ ಮೇಲಿರಿಸಿ, ಒಂದು ಅಂಚನ್ನು ಮೆಲ್ಲನೆ ಎತ್ತಿ, ಚೆಂಡುಗಳು ಜಾರತೊಡಗುವ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆ ಕೋನದ ಟ್ಯಾಂಜೆಂಟೇ ಘರ್ಷಣ ಗುಣಾಂಕ. ಕೋನ 17 ಡಿಗ್ರಿಯಾದರೆ ಗುಣಾಂಕ ಸುಮಾರು 0.31, 14ಕ್ಕೆ ಇಳಿದರೆ ಸುಮಾರು 0.25. ಅಳೆಯುವ ಮುನ್ನ ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ. ತಗ್ಗುಗಳಲ್ಲಿ ತುಂಬಿದ ಧೂಳನ್ನು ಸವೆತವೆಂದು ಭ್ರಮಿಸುವ ಸಂಭವವಿದೆ. ಈ ಪರೀಕ್ಷೆಗೆಂದೇ ಅದೇ ಮೂರು ಚೆಂಡುಗಳನ್ನು ಆಟಕ್ಕೆ ಬಳಸದೆ ಎತ್ತಿಡಿರಿ. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಯಾವ ಮೇಲ್ಮೈ ಬಾಳುವುದೆಂಬುದಕ್ಕೆ ನಿಮ್ಮದೇ ಸಾಕ್ಷ್ಯ ದೊರೆಯುವುದು.

ಹೊಸದಾಗಿ ಆಟ ಕಲಿಯುವವರು ಅತಿ ಒರಟಾದುದಕ್ಕೆ ಹೆಚ್ಚು ಹಣ ತೆರುವುದು ಅನಾವಶ್ಯಕ. ಮಿತವಾದ ಒರಟು ದೀರ್ಘಕಾಲ ನಿಲ್ಲುವ ಪ್ಯಾಡಲೇ ಅವರಿಗೆ ಲೇಸು. ನಾಲ್ಕಾರು ಮಂದಿ ಗೆಳೆಯರು ಬೇರೆ ಬೇರೆ ಪ್ಯಾಡಲುಗಳ ಲೆಕ್ಕವನ್ನು ಕೂಡಿಸಿಟ್ಟರೆ, ಮುಂದೆ ಕೊಳ್ಳುವವರಿಗೆ ಅದು ಯಾವ ಜಾಹೀರಾತಿಗಿಂತಲೂ ಹೆಚ್ಚಿನ ಉಪಕಾರವಾದೀತು.